ಮೆಟ್ಟಿಲ ಕೆಳಗೊಂದು ಪುಟ್ಟ ಶೌಚಾಲಯ



ಹಸು ಮೇವು ಬಿಟ್ಟಿದೆ ಎಂದು ಫೋನ್ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ನೀರು ಎಷ್ಟು ಕುಡೀತು?" ಎಂಬುದು. ನಂಜನಗೂಡು, ತಿ. ನರಸೀಪುರ ತಾಲ್ಲೂಕಿನ ಯಾವ ಊರಿಗೆ ಹೋದರೂ ನೀವು ಇದಕ್ಕೆ ತಡವರಿಸದೆ ಉತ್ತರ ಹೇಳುತ್ತೀರಿ. "ಬೆಳಗ್ಗೆ ಎರಡು ಬಕೆಟ್, ಮಧ್ಯಾಹ್ನ ಒಂದೂವರೆ, ಮೇಡಂ." ಒಂದು ದಿನ ಹುಲ್ಲಹಳ್ಳಿ ಕಡೆಯ ಊರೊಂದರಲ್ಲಿ ಹೀಗೆ ಲೆಕ್ಕ ಒಪ್ಪಿಸಿದ ಅಕ್ಕನಿಗೆ, "ನೀವು ಎಷ್ಟು ಕುಡಿದಿರಿ?" ಎಂದು ಕೇಳಿದೆ. ಆಗಲೇ ಗಂಟೆ ಹತ್ತಾಗಿತ್ತು. ಅವರು ನಕ್ಕು, "ಒಂದು ಲೋಟ ಟೀ ಅಷ್ಟೆ. ನೀರು ಕುಡಿದರೆ ಹಿತ್ತಲಿಗೆ ಓಡಬೇಕಲ್ಲ" ಎಂದರು.

ಅವರ ಮನೆಗೆ ಶೌಚಾಲಯ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಹಿತ್ತಲ ಕೊನೆಯಲ್ಲಿ, ತಿಪ್ಪೆಯ ಆಚೆಗಿತ್ತು. ಬೆಳಗಿನ ಜಾವ ಕತ್ತಲಲ್ಲಿ, ಮಳೆಯಲ್ಲಿ, ಹುಳಹುಪ್ಪಟೆಯ ಭಯದಲ್ಲಿ ಅಲ್ಲಿಗೆ ಹೋಗುವುದಕ್ಕಿಂತ ನೀರು ಬಿಡುವುದೇ ಸುಲಭ ಎಂದು ಅವರು ರೂಢಿ ಮಾಡಿಕೊಂಡಿದ್ದರು. ನನಗೆ ಈ ರೂಢಿ ಹೊಸದಲ್ಲ. ಲಸಿಕೆ ಹಾಕುವ ದಿನಗಳಲ್ಲಿ ಊರೂರು ಸುತ್ತುವಾಗ ನಾನೂ ನೀರಿನ ಬಾಟಲಿಯನ್ನು ಮುಟ್ಟದೆ ಸಂಜೆಯವರೆಗೆ ತಳ್ಳಿದ್ದೇನೆ, ಆಮೇಲೆ ಉರಿಮೂತ್ರ ಬಂದು ಔಷಧಿ ತೆಗೆದುಕೊಂಡೂ ಇದ್ದೇನೆ. ಹಸು ಕೊಡುವ ಒಂದೊಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು ಎಂದು ನಿಮಗೆ ಹೇಳುವವಳು ನಾನೇ. ಆ ಹಾಲು ಕರೆಯುವವರಿಗೂ ನೀರು ಬೇಕು ಎಂಬುದನ್ನು ಹೇಳಲು ತಡಮಾಡಿದೆ.

ಆ ದಿನ ಅವರ ಮನೆಯೊಳಗೆ ಕೈ ತೊಳೆಯಲು ಹೋದಾಗ ಮೆಟ್ಟಿಲ ಕೆಳಗಿನ ಜಾಗ ಕಣ್ಣಿಗೆ ಬಿತ್ತು. ಪಶು ಆಹಾರದ ಮೂಟೆ, ಹಳೆಯ ಹಾಲಿನ ಕ್ಯಾನು, ಔಷಧಿ ಹೊಡೆಯುವ ಪಂಪು, ಹರಿದ ಗೋಣಿಚೀಲ. ಆರ್‌ಸಿಸಿ ಹಾಕಿದ ನಮ್ಮ ಹಳ್ಳಿಮನೆಗಳಲ್ಲಿ ಹೆಚ್ಚಿನವಕ್ಕೆ ತಾರಸಿಗೆ ಹೋಗುವ ಮೆಟ್ಟಿಲು ಇದೆ, ಅದರ ಕೆಳಗೆ ಇಂಥದ್ದೇ ಜಾಗ ಇದೆ. ಸ್ನಾನಕ್ಕೆ ಆ ಜಾಗ ಸಾಲದು. ಒಂದು ಶೌಚದ ಪ್ಯಾನು, ಒಂದು ಕೈತೊಳೆಯುವ ಬೇಸಿನ್ ಇಷ್ಟಕ್ಕೆ ಸಾಕು. ಅದನ್ನು ಸರಿಯಾಗಿ ಕಟ್ಟಿಸುವುದು ಹೇಗೆ ಎಂಬುದೇ ಈ ಸಲದ ಲೇಖನ.

ದನದ ಡಾಕ್ಟರಿಗೆ ಇದರಲ್ಲೇನು ಕೆಲಸ?

ಕೆಲಸ ಇದೆ. ಕೆಚ್ಚಲಿನಿಂದ ಹೊರಬರುವ ಹಾಲು ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಮಲದಿಂದ ಬರುವ ರೋಗಾಣುಗಳಿಗೆ ಇಷ್ಟು ಹಿತವಾದ ಜಾಗ ಇನ್ನೊಂದಿಲ್ಲ. ಅನುಕೂಲ ಸಿಕ್ಕಿದರೆ ಅವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಹಾಲು ಸಂಘ ಮುಟ್ಟಿ, ಬಿಎಂಸಿಯಲ್ಲಿ 4 ಡಿಗ್ರಿಗೆ ಇಳಿಯುವಷ್ಟರಲ್ಲಿ ಒಬ್ಬರ ಕೈಯ ಕೊಳೆ ಎಲ್ಲರ ಹಾಲನ್ನೂ ಸೇರಿರುತ್ತದೆ. ಅದೇ ಕೈ ಕೆಚ್ಚಲು ಬಾವಿನ ರೋಗಾಣುಗಳನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಹಸುವಿನಿಂದ ನಮಗೆ ಬರುವ ರೋಗಗಳೂ ಇವೆ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಕಂದು ಹಾಕಿದ ಕರುವನ್ನು, ಸತ್ತೆಯನ್ನು, ಅದರ ನೀರನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಅಂಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಸೊಂಟನೋವು ಅದರ ಲಕ್ಷಣ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ ಎಂದು ನಾವು ಒತ್ತಾಯ ಮಾಡುವುದು ಇದಕ್ಕೇ. ಇಲಿಜ್ವರದ ರೋಗಾಣು ಇಲಿಗಳ, ಜಾನುವಾರುಗಳ ಮೂತ್ರದಿಂದ ಒದ್ದೆ ನೆಲ ಸೇರಿ, ಕಾಲಿನ ಗಾಯದ ಮೂಲಕ ಒಳಹೋಗಬಲ್ಲದು. ಇವೆರಡಕ್ಕೂ ಕೈಗವಸು, ಮುಚ್ಚಿದ ಚಪ್ಪಲಿ, ಸೋಪು, ಹರಿಯುವ ನೀರು ಬೇಕು. "ಸೋಪು ಹಾಕಿ ತೊಳೆಯಿರಿ" ಎಂದು ನಾನು ಎಷ್ಟು ಹೇಳಿದರೂ, ನಲ್ಲಿ ದೂರವಿದ್ದರೆ ಆ ಮಾತು ನಡೆಯುವುದಿಲ್ಲ. ನಲ್ಲಿ ದಾರಿಯಲ್ಲೇ ಇದ್ದರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಸೀಮೆಸುಣ್ಣ, ಆಮೇಲೆ ಸಿಮೆಂಟು

ಮೆಟ್ಟಿಲ ಕೆಳಗಿನ ಶೌಚಾಲಯ ಕೆಡುವುದು ಹೆಚ್ಚಾಗಿ ಎತ್ತರದ ಲೆಕ್ಕದಲ್ಲಿ. ಕಟ್ಟಿದ ಮೇಲೆ ತಲೆ ತಾಗುತ್ತದೆ, ಒಂದು ತಿಂಗಳಲ್ಲಿ ಅದು ಮತ್ತೆ ಮೂಟೆ ಇಡುವ ಜಾಗವಾಗುತ್ತದೆ. ಆದ್ದರಿಂದ ಗಾರೆ ಮೇಸ್ತ್ರಿಯನ್ನು ಕರೆಯುವ ಮೊದಲು ನೀವೇ ಅಳೆಯಿರಿ.

ಸಾಮಾನ್ಯವಾಗಿ ಒಂದು ಮೆಟ್ಟಿಲು 7 ಇಂಚು ಎತ್ತರ, 10 ಇಂಚು ಅಗಲ ಇರುತ್ತದೆ. ನಡುವೆ ತಿರುವಿಲ್ಲದೆ ನೇರ ಏರುವ ಮೆಟ್ಟಿಲಾದರೆ, 5 ಇಂಚಿನ ಸ್ಲ್ಯಾಬ್ ಕಳೆದು, ಏಳನೇ ಮೆಟ್ಟಿಲ ಕೆಳಗೆ ಸುಮಾರು 3 ಅಡಿ 7 ಇಂಚು, ಹನ್ನೆರಡನೇ ಮೆಟ್ಟಿಲ ಕೆಳಗೆ ಸುಮಾರು 6 ಅಡಿ 6 ಇಂಚು ಎತ್ತರ ಸಿಗುತ್ತದೆ. ಇವೆರಡರ ನಡುವಿನ ಉದ್ದ 4 ಅಡಿ 2 ಇಂಚು. ಅಗಲ 3 ಅಡಿ ಇದ್ದರೆ ಒಂದು ಶೌಚಾಲಯಕ್ಕೆ ಅಷ್ಟು ಸಾಕು.

ಇಲ್ಲೊಂದು ಎಚ್ಚರಿಕೆ. ಪೈಪಿಗೆ ಇಳಿಜಾರು ಕೊಡಲು ಮೇಸ್ತ್ರಿ ಒಳಗಿನ ನೆಲವನ್ನು ಅರ್ಧ ಅಡಿ ಎತ್ತರಿಸಿದರೆ, ನಿಮ್ಮ ತಲೆಯ ಮೇಲಿನ ಅರ್ಧ ಅಡಿ ಹೋಯಿತು. ಆಗ ಒಂದು ಮೆಟ್ಟಿಲು ಮುಂದಕ್ಕೆ ಸರಿಯಬೇಕು. ಎಂಟರಿಂದ ಹದಿಮೂರನೇ ಮೆಟ್ಟಿಲವರೆಗಿನ ಜಾಗ ಹಿಡಿಯಿರಿ. "ನೆಲ ಎಷ್ಟು ಎತ್ತರಿಸುತ್ತೀರಿ?" ಎಂದು ಕೆಲಸಕ್ಕೆ ಮೊದಲೇ ಕೇಳಿ.

ನಡುವೆ ತಿರುವು ಇರುವ ಮೆಟ್ಟಿಲಾದರೆ, ತಿರುವಿನ ಚಪ್ಪಡಿಯ ಕೆಳಗೆ ನಾಲ್ಕೂವರೆ ಅಡಿಯಷ್ಟೇ ಸಿಗುತ್ತದೆ. ಅಲ್ಲಿ ನಿಲ್ಲಲು ಆಗುವುದಿಲ್ಲ, ಕೂರಲು ಆಗುತ್ತದೆ. ಹಾಗಾಗಿ ಪ್ಯಾನು ತಿರುವಿನ ಕೆಳಗೆ ಬರಲಿ, ನಿಲ್ಲುವ ಜಾಗ ಎರಡನೇ ಸಾಲಿನ ಮೆಟ್ಟಿಲ ಕೆಳಗೆ ಬರಲಿ. ಎತ್ತರ ಸಾಲದು ಎಂದು ನೆಲವನ್ನು ಅಗೆದು ತಗ್ಗಿಸುವುದು ಬೇಡ. ಮಳೆಗಾಲದಲ್ಲಿ ಹೊರಗಿನ ನೀರು ಒಳಗೆ ಬರುತ್ತದೆ, ಪೈಪಿಗೂ ಇಳಿಜಾರು ಸಿಗುವುದಿಲ್ಲ.

ಅಳತೆಯಾದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ, ಎಲ್ಲರಿಗಿಂತ ಹಿರಿಯರನ್ನೂ ಆ ಗೆರೆಯೊಳಗೆ ಕೂರಿಸಿ ಎಬ್ಬಿಸಿ. ತಗ್ಗಿನ ಕಡೆಗೆ ಬೆನ್ನು, ಎತ್ತರದ ಕಡೆಗೆ ಮುಖ ಮಾಡಿ ಕೂತರೆ ಏಳುವಾಗ ತಲೆ ಮುಂದಕ್ಕೆ ಬರುತ್ತದೆ, ಸ್ಲ್ಯಾಬಿಗೆ ತಾಗುವುದಿಲ್ಲ. ಪ್ಯಾನನ್ನು ಇದೇ ದಿಕ್ಕಿಗೆ ಕೂರಿಸಬೇಕು.

ಮೇಸ್ತ್ರಿಗೆ ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಿ. ಮೆಟ್ಟಿಲ ಸ್ಲ್ಯಾಬನ್ನಾಗಲಿ, ತೊಲೆಯನ್ನಾಗಲಿ ಕೆತ್ತಬಾರದು, ಒಳಗಿನ ಕಬ್ಬಿಣ ಹೊರಗೆ ಕಾಣಬಾರದು. ಜಾಗ ಸಾಲದಿದ್ದರೆ ಗೋಡೆಯನ್ನು ಹೊರಗೆ ಸರಿಸಬಹುದು, ಮೆಟ್ಟಿಲನ್ನು ತೆಳುಮಾಡುವಂತಿಲ್ಲ. ಮರೆಗೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಸಾಕು.

ಪ್ಯಾನು, ಬಾಗಿಲು, ಬೇಸಿನ್

ಗ್ರಾಮೀಣ ಪ್ಯಾನು ಎಂದು ಕೇಳಿ ತನ್ನಿ. ಅದರ ಇಳಿಜಾರು ಕಡಿದಾಗಿರುತ್ತದೆ, ಒಂದೂವರೆಯಿಂದ ಎರಡು ಲೀಟರ್ ನೀರು ಸುರಿದರೆ ಸಾಕು. ಬೇಸಿಗೆಯಲ್ಲಿ ದನಕ್ಕೇ ನೀರು ಹೊಂದಿಸುವ ಮನೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಮಂಡಿನೋವಿನ ಅತ್ತೆಯೋ, ಬಸುರಿ ಸೊಸೆಯೋ ಇದ್ದರೆ ಕಮೋಡ್ ಹಾಕಿಸಬಹುದು. ಆಗ ಕಮೋಡಿನ ಮುಂದೆ ನಿಲ್ಲುವ ಜಾಗದಲ್ಲಿ ಆರಡಿ ಎತ್ತರ ಇರಲೇಬೇಕು, ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಕಬ್ಬಿಣದ ಹಿಡಿ ಬೇಕು.

ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲು ಅರ್ಧ ಜಾಗ ತಿನ್ನುತ್ತದೆ. ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ತೆರೆಯಲೂ ಆಗುವುದಿಲ್ಲ. ನೀರಿಗೆ ಹಾಳಾಗದ ಪಿವಿಸಿ ಬಾಗಿಲು ಸಾಕು.

ಬೇಸಿನ್‌ಅನ್ನು ಒಳಗೆ ಇಡಬೇಡಿ, ಬಾಗಿಲ ಹೊರಗೆ, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಇಡಿ. ಒಳಗಿದ್ದರೆ ಶೌಚಕ್ಕೆ ಹೋದವರು ಮಾತ್ರ ಬಳಸುತ್ತಾರೆ. ಹೊರಗಿದ್ದರೆ ಹಾಲು ಕರೆಯಲು ಹೊರಟವರು, ಸಗಣಿ ಬಾಚಿ ಬಂದವರು, ಅಡುಗೆಗೆ ಹೋಗುವವರು, ಶಾಲೆಯಿಂದ ಬಂದ ಮಕ್ಕಳು, ಎಲ್ಲರೂ ಬಳಸುತ್ತಾರೆ. ಪಕ್ಕದಲ್ಲಿ ಸೋಪು ಇರಲಿ, ಮೊಳೆಗೆ ಒಂದು ಒಗೆದ ಬಟ್ಟೆ ನೇತುಹಾಕಿ. ಕೈ ತೊಳೆದು ಒರೆಸದೆ ಒದ್ದೆ ಕೈಯಲ್ಲೇ ಹಾಲು ಕರೆದರೆ, ಕೈಯಿಂದ ತೊಟ್ಟಿಕ್ಕುವ ನೀರು ಹಾಲಿಗೆ ಸೇರುತ್ತದೆ. ಕೊಟ್ಟಿಗೆಯ ಹೊಲಸನ್ನು ಮಾತ್ರ ಕೊಟ್ಟಿಗೆಯ ನಲ್ಲಿಯಲ್ಲೇ ತೊಳೆದು ಬನ್ನಿ, ಬೇಸಿನ್ನಿಗೆ ತರಬೇಡಿ.

ಬೇಸಿನ್ ನೀರನ್ನು ಶೌಚದ ಗುಂಡಿಗೆ ಬಿಡುವುದು ಬೇಡ. ಸಣ್ಣ ಪೈಪಿನಲ್ಲಿ ಬಾಳೆಗೋ ತೆಂಗಿಗೋ ಹರಿಸಿ.

ಗಾಳಿ ಮತ್ತು ಬೆಳಕು

ಮೆಟ್ಟಿಲ ಕೆಳಗಿನ ಜಾಗ ಕತ್ತಲು, ಅಲ್ಲಿ ತೇವ ಬೇಗ ಒಣಗುವುದಿಲ್ಲ. ಹೊರಗೋಡೆಗೆ ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಿಟಕಿಯಾದರೂ ಇರಬೇಕು, ಅದಕ್ಕೆ ಸೊಳ್ಳೆ ಜಾಲರಿ ಹಾಕಿಸಿ. ಹೊರಗೋಡೆ ಸಿಗದ ಮನೆಯಲ್ಲಿ ಸಣ್ಣ ಎಕ್ಸಾಸ್ಟ್ ಫ್ಯಾನು ಹಾಕಿ, ಅದರ ಗಾಳಿ ಪೈಪಿನ ಮೂಲಕ ಮನೆಯ ಹೊರಗೆ ಹೋಗುವಂತೆ ಮಾಡಿ. ಗಾಳಿ ಅಡುಗೆಮನೆಗೋ ನಡುಮನೆಗೋ ತಿರುಗುವಂತಿದ್ದರೆ ಆ ಜಾಗದಲ್ಲಿ ಶೌಚಾಲಯ ಬೇಡವೇ ಬೇಡ. ದೀಪದ ಸ್ವಿಚ್ಚು ಬಾಗಿಲ ಹೊರಗಿರಲಿ, ಒದ್ದೆ ಕೈಗೆ ಸಿಗಬಾರದು.

"ಮೆಟ್ಟಿಲ ಕೆಳಗೆ ಶೌಚಾಲಯ ಆಗಿಬರುವುದಿಲ್ಲ" ಎಂದು ಮನೆಯ ಹಿರಿಯರು ಹೇಳಬಹುದು. ಅವರ ಜೊತೆ ವಾದಕ್ಕೆ ಹೋಗಬೇಡಿ. ದೇವರಮನೆ, ಒಲೆ ಇರುವ ಗೋಡೆಗೆ ತಾಗದಂತೆ ಯೋಜನೆ ಮಾಡಿ ತೋರಿಸಿ. ರಾತ್ರಿ ಎರಡು ಸಲ ಏಳುವವರು ಹೆಚ್ಚಾಗಿ ಅವರೇ ಆಗಿರುತ್ತಾರೆ. ಮೊದಲು ಬಳಸುವವರೂ ಅವರೇ ಆಗುತ್ತಾರೆ.

ಗುಂಡಿ ಎಲ್ಲಿ, ಹೇಗೆ?

ಒಳಗಿನ ಕೋಣೆ ಎಷ್ಟು ಚೆನ್ನಾಗಿದ್ದರೂ ಗುಂಡಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಇಲ್ಲಿ ಅವಸರ ಮಾಡಬೇಡಿ.

ನಮ್ಮ ಮನೆಗಳಿಗೆ ಜೋಡಿ ಗುಂಡಿ ಒಳ್ಳೆಯದು. ಸುಮಾರು ಮೂರಡಿ ಅಗಲ, ನಾಲ್ಕಡಿ ಆಳದ ಎರಡು ಗುಂಡಿ, ಎರಡರ ನಡುವೆ ಕನಿಷ್ಠ ಮೂರಡಿ ಅಂತರ. ಒಳಗೋಡೆಯ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ನೀರು ಮಣ್ಣಿಗೆ ಇಂಗುತ್ತದೆ, ಗಾಳಿಯನ್ನೂ ಮಣ್ಣೇ ಹೀರುತ್ತದೆ. ಒಂದು ಸಲಕ್ಕೆ ಒಂದೇ ಗುಂಡಿ ಬಳಕೆಯಲ್ಲಿರುತ್ತದೆ. ಐದು ಜನರ ಮನೆಯಲ್ಲಿ ಅದು ತುಂಬಲು ಸುಮಾರು ಮೂರು ವರ್ಷ. ತುಂಬಿದ ಮೇಲೆ ಪೈಪಿನ ದಾರಿಯನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಒಣ ಗೊಬ್ಬರವಾಗಿರುತ್ತದೆ. ತಿಪ್ಪೆಗೊಬ್ಬರ ಕಳಿಯುವುದನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೈಪಿಗೆ ಪ್ರತಿ 5 ಅಡಿಗೆ 4 ಇಂಚು ಇಳಿಜಾರು ಬೇಕು. ಗುಂಡಿ 15 ಅಡಿ ದೂರವಿದ್ದರೆ ಒಂದು ಅಡಿ ಇಳಿಯಬೇಕು. ಮನೆಯ ಅಡಿಪಾಯದಿಂದ ಐದಾರು ಅಡಿಯಾದರೂ ದೂರ ಇರಲಿ. ಕುಡಿಯುವ ನೀರಿನ ಬಾವಿ, ಕೊಳವೆಬಾವಿಯಿಂದ ಕನಿಷ್ಠ 33 ಅಡಿ ದೂರವಿರಲೇಬೇಕು. ನೆಲದೊಳಗಿನ ಸಂಪು, ದನದ ನೀರಿನ ತೊಟ್ಟಿಗಳಿಂದಲೂ ಸಾಧ್ಯವಾದಷ್ಟು ದೂರ ಇಡಿ.

ನಮ್ಮ ಎರಡು ತಾಲ್ಲೂಕಿನ ಮಣ್ಣು ಒಂದೇ ಥರ ಇಲ್ಲ. ಕೆಂಪು ಮಣ್ಣಿನಲ್ಲಿ ನೀರು ಸಲೀಸಾಗಿ ಇಂಗುತ್ತದೆ. ಎರೆಮಣ್ಣಿನಲ್ಲಿ ಇಂಗುವುದು ನಿಧಾನ. ಅಲ್ಲಿ ಗುಂಡಿಯ ಗೋಡೆಯ ಹೊರಸುತ್ತಿಗೆ ಒಂದು ಅಡಿ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ತುಂಬಿಸಬೇಕು. ಕಬಿನಿ ನಾಲೆಯ ಕೆಳಗಿನ ಭತ್ತದ ಬಯಲುಗಳಲ್ಲಿ ಗದ್ದೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಮೇಲೆ ಬರುತ್ತದೆ. ಆ ತಿಂಗಳಲ್ಲಿ ಹತ್ತಿರದ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿ ನಿಂತಿದೆ ಎಂದು ನೋಡಿ. ಗುಂಡಿಯ ತಳಕ್ಕೂ ಆ ನೀರಿಗೂ ಆರೂವರೆ ಅಡಿ ಅಂತರ ಸಿಗದಿದ್ದರೆ ಗುಂಡಿಯನ್ನು ಅಗಲ ಹೆಚ್ಚಿಸಿ ಆಳ ಕಡಿಮೆ ಮಾಡಬೇಕು, ಬಾವಿಯಿಂದ ಇನ್ನೂ ದೂರ ಒಯ್ಯಬೇಕು. ಇಂಥ ಕಡೆ ಪಂಚಾಯಿತಿಯ ಇಂಜಿನಿಯರನ್ನು ಕರೆಸಿ ತೋರಿಸಿಯೇ ಮುಂದುವರಿಯಿರಿ.

ಕಪಿಲಾ ನದಿಯ ಅಂಚಿನ ಊರುಗಳವರಿಗೆ 2018, 2019ರ ಆಗಸ್ಟ್ ತಿಂಗಳು ಮರೆತಿರಲಾರದು. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಆ ನದಿ ಕಾವೇರಿಯನ್ನು ಸೇರುವ ತಿ. ನರಸೀಪುರದ ದಡದಲ್ಲೂ ಅದೇ ಭಯ. ನೀರು ಏರುವ ಜಾಗದಲ್ಲಿ ಗುಂಡಿಯ ಬಾಯಿ ನೆಲದಿಂದ ಒಂದು ಅಡಿ ಮೇಲಿರಬೇಕು, ಸುತ್ತ ಐದಡಿ ಅಗಲಕ್ಕೆ ಮಣ್ಣು ಏರಿಸಿ ಗಟ್ಟಿಸಬೇಕು. ಇಲ್ಲದಿದ್ದರೆ ನೆರೆ ಬಂದ ದಿನ ಗುಂಡಿಯಲ್ಲಿದ್ದದ್ದು ಕೊಟ್ಟಿಗೆಯಲ್ಲಿರುತ್ತದೆ.

ಖರ್ಚು ಉಳಿಸಲು ಪೈಪನ್ನು ತೆರೆದ ಚರಂಡಿಗೋ ತಿಪ್ಪೆಗೋ ಬಿಡುವುದನ್ನು ನೋಡಿದ್ದೇನೆ. ಅದು ಬಯಲಿನಲ್ಲಿ ಹೋದಂತೆಯೇ. ಮನುಷ್ಯರ ಮಲದಲ್ಲಿರುವ ಲಾಡಿಹುಳುವಿನ ಮೊಟ್ಟೆ ಮೇವಿನ ಮೂಲಕ ದನದ ಮೈ ಸೇರುತ್ತದೆ, ರೋಗಾಣುಗಳು ನೊಣದ ಕಾಲಿನಲ್ಲಿ ಹಾಲಿನ ಪಾತ್ರೆಗೆ ಬರುತ್ತವೆ.

ಇನ್ನೊಂದು ಮಾತು ಜೀವದ್ದು. ಶೌಚದ ಗುಂಡಿಯಾಗಲಿ, ಸೆಪ್ಟಿಕ್ ಟ್ಯಾಂಕಾಗಲಿ, ಗೋಬರ್ ಗ್ಯಾಸ್ ಗುಂಡಿಯಾಗಲಿ, ಅದರೊಳಗೆ ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿ ಉಸಿರಾಡಿದ ಕೂಡಲೇ ಕೆಡವುತ್ತದೆ, ಎತ್ತಲು ಹೋದವರನ್ನೂ ಬಿಡುವುದಿಲ್ಲ. ಮಲದ ಗುಂಡಿ ಬಳಿಯಲು ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಯಂತ್ರದ ಗಾಡಿಯನ್ನೇ ತರಿಸಬೇಕು.

ಅಲ್ಲಿದ್ದ ಮೂಟೆಗಳು ಎಲ್ಲಿಗೆ?

ಮೆಟ್ಟಿಲ ಕೆಳಗಿನ ಪಶು ಆಹಾರಕ್ಕೆ ಬೇರೆ ಜಾಗ ಹುಡುಕಲೇಬೇಕು. ಹೊಸ ಶೌಚಾಲಯದ ಗೋಡೆಗೆ ಒರಗಿಸಿ ಮಾತ್ರ ಇಡಬೇಡಿ. ಗೋಡೆಯ ತೇವ ಮೂಟೆಗೆ ಏರಿದರೆ ಹಿಂಡಿಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ಹಸುವಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಹಾಲಿನಲ್ಲೂ ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಮೂಟೆಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇರಲಿ. ಔಷಧಿ ಹೊಡೆಯುವ ಪಂಪು, ಕೀಟನಾಶಕದ ಡಬ್ಬಿಗಳು ಆಹಾರದ ಹತ್ತಿರವೂ ಬೇಡ, ಶೌಚಾಲಯದೊಳಗೂ ಬೇಡ. ಅವಕ್ಕೆ ಬೀಗ ಹಾಕುವ ಪೆಟ್ಟಿಗೆ ಮಾಡಿಸಿ.

ತೊಳೆಯುವಾಗ ಎಚ್ಚರ

ಕೊಟ್ಟಿಗೆಗೆ ಹಾಕುವ ಬ್ಲೀಚಿಂಗ್ ಪುಡಿ ಮನೆಯಲ್ಲಿರುತ್ತದೆ, ಶೌಚಾಲಯಕ್ಕೆ ಆಸಿಡ್ ತಂದಿರುತ್ತೀರಿ. ಎರಡನ್ನೂ ಸೇರಿಸಿ ತೊಳೆದರೆ ಬೇಗ ಬಿಳಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಮೂರಡಿ ಅಗಲದ ಕೋಣೆಯಲ್ಲಿ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ. ನಿತ್ಯಕ್ಕೆ ಬ್ರಷ್ಷು, ನೀರು, ಸ್ವಲ್ಪ ಸೋಪಿನ ಪುಡಿ ಸಾಕು. ಆಸಿಡ್, ಬ್ಲೀಚಿಂಗ್, ಫಿನಾಯಿಲ್ ಹೆಚ್ಚು ಸುರಿದರೆ ಗುಂಡಿಯೊಳಗೆ ಕಳಿಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ, ಗುಂಡಿ ಬೇಗ ತುಂಬುತ್ತದೆ. ಮುಟ್ಟಿನ ಪ್ಯಾಡುಗಳನ್ನು ಪ್ಯಾನಿಗೆ ಹಾಕಿದರೆ ಪೈಪು ಕಟ್ಟುವುದು ಖಂಡಿತ. ಮೂಲೆಯಲ್ಲಿ ಮುಚ್ಚಳದ ಒಂದು ಡಬ್ಬಿ ಇಡಿ. ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಬಳಸುವಂತಿರಬೇಕು.

ಹಣದ ಮಾತು

2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಗಳ ಮನೆಯ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಇದೆ. ಸಣ್ಣ ಮತ್ತು ಅತಿಸಣ್ಣ ರೈತರು, ಮಹಿಳೆಯೇ ಮನೆ ನಡೆಸುವ ಕುಟುಂಬಗಳೂ ಅರ್ಹರ ಪಟ್ಟಿಯಲ್ಲಿವೆ. ಆದರೆ ಇದು ಶೌಚಾಲಯವೇ ಇಲ್ಲದ ಕುಟುಂಬಕ್ಕೆ ಒಮ್ಮೆ ಸಿಗುವ ಹಣ. ಹಿತ್ತಲಲ್ಲಿ ಒಂದನ್ನು ಕಟ್ಟಿಸಿ ಹಣ ಪಡೆದಿದ್ದರೆ ಎರಡನೆಯದಕ್ಕೆ ಸಿಗುವುದಿಲ್ಲ. ಮಗ ಸೊಸೆ ಬೇರೆ ಸಂಸಾರ ಹೂಡಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಕೇಳಿ. ಕೆಲಸ ಶುರುಮಾಡುವ ಮೊದಲೇ ಅರ್ಜಿ ಕೊಡಿ.

ಹಿತ್ತಲಲ್ಲಿ ಈಗಾಗಲೇ ಒಳ್ಳೆಯ ಜೋಡಿ ಗುಂಡಿ ಇದ್ದು, ಪೈಪಿಗೆ ಇಳಿಜಾರು ಸಿಗುವಂತಿದ್ದರೆ ಹೊಸ ಪ್ಯಾನನ್ನು ಅದಕ್ಕೇ ಜೋಡಿಸಬಹುದು. ಅಲ್ಲಿಗೆ ದೊಡ್ಡ ಖರ್ಚು ಉಳಿಯಿತು. ಎಲ್ಲವೂ ಒಟ್ಟಿಗೆ ಆಗದಿದ್ದರೆ ಈ ತಿಂಗಳ ಬಟವಾಡೆಯಲ್ಲಿ ಬೇಸಿನ್ ಮತ್ತು ನಲ್ಲಿ ಹಾಕಿಸಿ. ಹಾಲು ಕರೆಯುವ ಕೈಗೆ ನಾಳೆಯಿಂದಲೇ ಉಪಯೋಗ. ಪ್ಯಾನು, ಗುಂಡಿ ಬೇಸಿಗೆಯಲ್ಲಿ ಮಾಡಿಸಬಹುದು.

ಹಸು ಕೊಳ್ಳಲು, ಮೇವು ಕತ್ತರಿಸುವ ಯಂತ್ರಕ್ಕೆ, ಕೊಟ್ಟಿಗೆಯ ಮ್ಯಾಟಿಗೆ ಸಾಲ ಮಾಡುವಾಗ ಮನೆಯಲ್ಲಿ ಯಾರೂ "ಯಾಕೆ?" ಎಂದು ಕೇಳುವುದಿಲ್ಲ, ಅದರಿಂದ ಹಾಲು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಶೌಚಾಲಯದ ಮಾತು ಬಂದಾಗ "ಒಂದು ಇದೆಯಲ್ಲ" ಎನ್ನುತ್ತಾರೆ. ಆಗ ಈ ಲೇಖನ ಓದಿ ಹೇಳಿ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಹೋಗುವವರು ನೀವು. ನೀವು ಮಲಗಿದರೆ ಹಾಲೂ ಇಲ್ಲ, ಬಟವಾಡೆಯೂ ಇಲ್ಲ.

ಕಟ್ಟಿಸುವ ಮೊದಲು ಇಷ್ಟು ನೆನಪಿಡಿ:

1. ನಿಲ್ಲುವ ಜಾಗದಲ್ಲಿ ಆರಡಿಗೆ ಕಡಿಮೆ ಎತ್ತರ ಬೇಡ. ತಗ್ಗಿನ ಕಡೆಗೆ ಬೆನ್ನು.
2. ಮೆಟ್ಟಿಲ ಸ್ಲ್ಯಾಬ್ ಕೆತ್ತಬಾರದು. ಬಾಗಿಲು ಹೊರಗೆ ತೆರೆಯಬೇಕು.
3. ಬೇಸಿನ್ ಬಾಗಿಲ ಹೊರಗೆ, ಕೊಟ್ಟಿಗೆಯ ದಾರಿಯಲ್ಲಿ. ಸೋಪು, ಒಗೆದ ಬಟ್ಟೆ ಜೊತೆಗಿರಲಿ.
4. ಗುಂಡಿ ಬಾವಿ, ಕೊಳವೆಬಾವಿಯಿಂದ 33 ಅಡಿ ದೂರ. ನಾಲೆ ಬಯಲಿನಲ್ಲಿ, ನದಿ ದಡದಲ್ಲಿ ಇನ್ನೂ ಎಚ್ಚರ.
5. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎಂದೂ ಸೇರಬಾರದು.
6. ಪಶು ಆಹಾರದ ಮೂಟೆ ಶೌಚಾಲಯದ ಗೋಡೆಗೆ ತಾಗಬಾರದು.

ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಹಸು ಎಷ್ಟು ನೀರು ಕುಡಿಯಿತು ಎಂದು ಕೇಳುತ್ತೇನೆ. ನೀವು ಎಷ್ಟು ಕುಡಿದಿರಿ ಎಂದೂ ಕೇಳುತ್ತೇನೆ. ಎರಡಕ್ಕೂ ಉತ್ತರ ಸಿದ್ಧವಿರಲಿ.

– ಪಶುವೈದ್ಯಾಧಿಕಾರಿ